ಕುಂಬಳಕಾಯಿ ಕಳ್ಳನಿಂದ ಶುರು ಮಾಡಿ: ಪ್ರಾಥಮಿಕ ಶಾಲೆಯಲ್ಲಿ ಪತ್ತೇದಾರಿ ವಿಜ್ಞಾನ ಕಲಿಸುವ ಬಗೆ

ಒಂದು ಬಲಿತ ಬೂದುಗುಂಬಳಕಾಯಿಯನ್ನು ತರಗತಿಗೆ ತನ್ನಿ. ಕಡು ಬಣ್ಣದ ಟವೆಲ್ಲೊಂದನ್ನು ಹೆಗಲ ಮೇಲೆ ಹಾಕಿಕೊಂಡು, ಕಾಯಿಯನ್ನು ಅದರ ಮೇಲಿಟ್ಟು ನಾಲ್ಕು ಹೆಜ್ಜೆ ನಡೆಯಿರಿ. ಕಾಯಿ ಇಳಿಸಿ, ಟವೆಲ್ ಬಿಡಿಸಿ ತೋರಿಸಿ. ಬಿಳಿ ಬೂದಿ ಅಂಟಿರುತ್ತದೆ. ಈಗ ಕೇಳಿ: "ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಅವನು ಹೆಗಲನ್ನೇ ಯಾಕೆ ಮುಟ್ಟಿಕೊಂಡ?"

ಗಾದೆ ಎಲ್ಲರಿಗೂ ಗೊತ್ತು. ಆದರೆ ಅಂಗಡಿಯಿಂದ ಹೋಳು ತರುವ ಮನೆಯ ಮಕ್ಕಳು ಆ ಬೂದಿಯನ್ನು ನೋಡಿರುವುದಿಲ್ಲ. ಅದು ನಿಜವಾದ ಬೂದಿಯಲ್ಲ, ಬಲಿತ ಕಾಯಿಯ ಸಿಪ್ಪೆಯ ಮೇಲೆ ಬೆಳೆಯುವ ಮೇಣದ ಪದರ. ಹೊತ್ತವನ ಹೆಗಲಿಗೆ ಅದು ಅಂಟಿಕೊಳ್ಳುತ್ತದೆ. ಎರಡು ವಸ್ತು ಒಂದಕ್ಕೊಂದು ತಾಗಿದಾಗ ಒಂದರ ಕುರುಹು ಇನ್ನೊಂದರ ಮೇಲೆ ಉಳಿಯುತ್ತದೆ ಎಂಬುದು ವಿಧಿವಿಜ್ಞಾನದ, ಅಂದರೆ ಅಪರಾಧದ ಕುರುಹುಗಳನ್ನು ಪರೀಕ್ಷಿಸುವ ವಿಜ್ಞಾನದ, ಮೂಲ ತತ್ವ. ಫ್ರಾನ್ಸಿನ ಲಿಯೋನ್ ನಗರದಲ್ಲಿ 1910ರಲ್ಲಿ ಪೊಲೀಸ್ ಪ್ರಯೋಗಾಲಯ ಕಟ್ಟಿದ ಎಡ್ಮಂಡ್ ಲೊಕಾರ್ಡ್ ಹೆಸರಿನಲ್ಲಿ ಅದು ಪ್ರಸಿದ್ಧ. ನಮ್ಮ ಮಕ್ಕಳಿಗೆ ಅದನ್ನು ತಿಳಿಸಲು ಲಿಯೋನ್‌ವರೆಗೆ ಹೋಗಬೇಕಿಲ್ಲ, ಹಿತ್ತಲು ಸಾಕು.

ಪಾಠ ಇಲ್ಲಿಗೇ ನಿಲ್ಲಬಾರದು. ತರಗತಿಯ ಕಡೆ ತಿರುಗಿ ಥಟ್ಟನೆ "ಯಾರದೋ ಕೆನ್ನೆ ಮೇಲೆ ಶಾಯಿ ಅಂಟಿದೆ" ಅನ್ನಿ. ಕಣ್ಣೆದುರಿಗೇ ಹತ್ತಾರು ಕೈಗಳು ಕೆನ್ನೆಗೆ ಹೋಗುತ್ತವೆ. ಯಾರ ಕೆನ್ನೆಯಲ್ಲೂ ಶಾಯಿ ಇಲ್ಲ! ಹಾಗಾದರೆ ಹೆಗಲು ಮುಟ್ಟಿಕೊಂಡವನೆಲ್ಲ ಕಳ್ಳನೇ? ಮುಟ್ಟಿಕೊಂಡದ್ದು ಅಂಜಿಕೆಯ ಗುರುತಷ್ಟೇ, ಸಾಕ್ಷಿ ಇರುವುದು ಬೂದಿಯಲ್ಲಿ. ನನ್ನ ಮಟ್ಟಿಗೆ ಈ ಇಡೀ ಚಟುವಟಿಕೆಯ ಜೀವಾಳ ಇದೇ. ಕಳ್ಳನನ್ನು ಹಿಡಿಯುವುದು ಮಕ್ಕಳಿಗೆ ಖುಷಿ ಕೊಡುತ್ತದೆ ನಿಜ. ನಾವು ಕಲಿಸಬೇಕಾದದ್ದು ಮಾತ್ರ, ಕಣ್ಣಿಗೆ ಕಂಡದ್ದನ್ನೂ ಮನಸ್ಸು ಅಂದುಕೊಂಡದ್ದನ್ನೂ ಬೇರೆ ಮಾಡಿ ನೋಡುವುದನ್ನು. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂಬ ಗಾದೆಯನ್ನು ಹಲಗೆಯ ಮೂಲೆಯಲ್ಲಿ ಬರೆದಿಡಿ. ವಾರವಿಡೀ ಅದು ಅಲ್ಲೇ ಇರಲಿ.

ಹಾಗೆಯೇ ವಿಧಿವಿಜ್ಞಾನ ಎಂಬ ಪದವನ್ನೂ ಬಿಡಿಸಿ ಹೇಳಿ. ವಿಧಿ ಎಂದರೆ ಹಣೆಬರಹ ಎಂದೇ ಮಕ್ಕಳು ತಿಳಿಯುತ್ತಾರೆ. ಇಲ್ಲಿ ಅದು ಕಾನೂನು. ಪತ್ರಿಕೆಗಳಲ್ಲಿ ಆಗಾಗ ಬರುವ ಎಫ್‌ಎಸ್‌ಎಲ್, ಅಂದರೆ ಬೆಂಗಳೂರಿನ ಮಡಿವಾಳದಲ್ಲಿರುವ ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯ, ಮಾಡುವ ಕೆಲಸ ಇಂಥದ್ದೇ ಎಂದರೆ ಅವರಿಗೆ ಎಳೆ ಸಿಗುತ್ತದೆ.

ಕೆಳಗಿನ ಕ್ರಮ 5ರಿಂದ 7ನೇ ತರಗತಿಯ ಮಕ್ಕಳಿಗೆ, 40 ನಿಮಿಷದ ಆರು ಅವಧಿಗಳಿಗೆ ಹೊಂದುತ್ತದೆ. ನಾಲ್ಕನೇ ತರಗತಿಗೆ ಶಾಯಿ ಮತ್ತು ಹೆಜ್ಜೆ ಗುರುತು ಎರಡೇ ಸಾಕು.

ಮೊದಲು ಕಥೆ ಕಟ್ಟಿ, ಆದರೆ ಕಳ್ಳತನದ ಕಥೆ ಬೇಡ

ಮೊದಲ ಸಲ ಇದನ್ನು ಮಾಡಿದಾಗ "ಮಾಯವಾದ ಕಂಪಾಸ್ ಪೆಟ್ಟಿಗೆ" ಎಂಬ ಕಥೆ ಹೇಳಿದ್ದೆ. ಮಾತು ಮುಗಿಯುವ ಮೊದಲೇ ಅರ್ಧ ತರಗತಿ ಹಿಂದಿನ ಸಾಲಿನ ಒಬ್ಬ ಹುಡುಗನ ಕಡೆ ತಿರುಗಿ ನೋಡಿತು. ಅವನು ತಲೆ ತಗ್ಗಿಸಿದ. ಆ ಹುಡುಗ ಏನೂ ಮಾಡಿರಲಿಲ್ಲ, ಅದು ಕಟ್ಟುಕಥೆ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಕಣ್ಣುಗಳು ಅಲ್ಲಿಗೇ ಹೋದವು. ಊರಿನಲ್ಲಿ ಯಾವ ಮನೆಯವರ ಮೇಲೆ ಮೊದಲು ಅನುಮಾನ ಬೀಳುತ್ತದೆ ಎಂಬುದನ್ನು ಮಕ್ಕಳು ಬಹಳ ಬೇಗ ಕಲಿತಿರುತ್ತಾರೆ. ಅಂದಿನಿಂದ ಎರಡು ನಿಯಮ ಇಟ್ಟುಕೊಂಡಿದ್ದೇನೆ, ನೀವೂ ಇಟ್ಟುಕೊಳ್ಳಿ. ಶಂಕಿತರ ಪಟ್ಟಿಯಲ್ಲಿ ಮಕ್ಕಳು ಇರಕೂಡದು. ಬಿಸಿಯೂಟ ಬಡಿಸುವ ಅಕ್ಕನೋ ಶಾಲೆಯ ಕೆಲಸದವರೋ ಕೂಡ ಇರಕೂಡದು. ಶಾಲೆಯಲ್ಲಿ ಹೆಚ್ಚು ಅಧಿಕಾರ ಇರುವವರೇ ಶಂಕಿತರಾಗಲಿ, ಅದೂ ಅವರ ಒಪ್ಪಿಗೆ ಪಡೆದು. ರಕ್ತ, ಕೊಲೆಯ ಮಾತಂತೂ ಈ ವಯಸ್ಸಿಗೆ ಬೇಡವೇ ಬೇಡ.

ನಾನು ಬಳಸುವ ಕಥೆ ಇದು. ಗುರುವಾರ ಸಂಜೆ ಶಾಲೆ ಬಿಡುವ ಗಂಟೆಯನ್ನು ಯಾರೋ ಹತ್ತು ನಿಮಿಷ ಮೊದಲೇ ಬಾರಿಸಿದ್ದಾರೆ. ಯಾರು? ಶಂಕಿತರು ನಾಲ್ವರು: ಮುಖ್ಯ ಶಿಕ್ಷಕರು, ಪಿ.ಟಿ. ಮೇಷ್ಟ್ರು, ಗಣಿತದ ಟೀಚರ್, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರು. ಗಂಟೆ ತೂಗುಹಾಕಿದ ಜಾಗದಲ್ಲಿ ನಾಲ್ಕು ಕುರುಹುಗಳು. ಹಸಿ ಮಣ್ಣಿನಲ್ಲಿ ಚಪ್ಪಲಿ ಗುರುತು, ಗಂಟೆ ಬಾರಿಸುವ ಕೋಲಿಗೆ ಅಂಟಿದ ಬಿಳಿ ಪುಡಿ, ಕಪ್ಪು ಸ್ಕೆಚ್ ಪೆನ್ನಿನಲ್ಲಿ "ಇವತ್ತು ಬೇಗ ಬಿಡಿ" ಎಂದು ಬರೆದ ಚೀಟಿ, ಕಟ್ಟೆಯ ಮೇಲೆ ಬಿಟ್ಟುಹೋದ ಸ್ಟೀಲ್ ಲೋಟ.

ಕುರುಹುಗಳನ್ನು ಹೆಣೆಯುವಾಗ ಒಂದು ಲೆಕ್ಕವಿರಬೇಕು. ಒಂದೊಂದು ಕುರುಹು ಒಬ್ಬೊಬ್ಬರನ್ನು ಮಾತ್ರ ಪಟ್ಟಿಯಿಂದ ತೆಗೆಯಬೇಕು. ಮುಖ್ಯ ಶಿಕ್ಷಕರು, ಪಿ.ಟಿ. ಮೇಷ್ಟ್ರು, ಅಧ್ಯಕ್ಷರು ಮೂವರಿಗೂ ಒಂದೇ ಅಳತೆಯ ಹವಾಯಿ ಚಪ್ಪಲಿ, ಗಣಿತದ ಟೀಚರ್‌ದು ಚಿಕ್ಕದು. ಹೀಗಾಗಿ ಹೆಜ್ಜೆ ಗುರುತು ಟೀಚರನ್ನು ಬಿಡಿಸುತ್ತದೆ. ನಾಲ್ವರ ಕರವಸ್ತ್ರದಿಂದ ಕೊಡವಿದ್ದು ಎಂದು ನಾಲ್ಕು ಲಕೋಟೆಗಳಲ್ಲಿ ಪುಡಿ ಇಡಿ. ಮೂರರಲ್ಲಿ ಅಡುಗೆ ಸೋಡಾ, ಪಿ.ಟಿ. ಮೇಷ್ಟ್ರದರಲ್ಲಿ ಅಕ್ಕಿ ಹಿಟ್ಟು. ಪುಡಿಯಿಂದ ಅವರು ಪಾರು. ಅಧ್ಯಕ್ಷರ ಪೆನ್ ಬೇರೆ ಕಂಪನಿಯದು, ಉಳಿದ ಮೂವರದು ಒಂದೇ. ಶಾಯಿ ಅವರನ್ನು ಬಿಡಿಸುತ್ತದೆ. ಮೂರನ್ನೂ ಕೂಡಿಸಿದರೆ ಉಳಿಯುವವರು ಮುಖ್ಯ ಶಿಕ್ಷಕರೊಬ್ಬರೇ. ಮಕ್ಕಳ ಮುಂದೆ "ಹೌದು, ನಾನೇ" ಎಂದು ನಗುತ್ತಾ ಒಪ್ಪಿಕೊಳ್ಳಬಲ್ಲ ಮುಖ್ಯ ಶಿಕ್ಷಕರು ಇದ್ದರೆ ಶಾಲೆಗೆ ಅದೊಂದು ಹಬ್ಬ.

ಲೋಟದ ಮೇಲೆ ಸ್ಪಷ್ಟ ಬೆರಳಚ್ಚು ಬಿಡಬೇಡಿ. ಬಿಟ್ಟರೆ ಮಕ್ಕಳು ನೇರ ಅದಕ್ಕೇ ಹೋಗಿ ಐದು ನಿಮಿಷದಲ್ಲಿ ಎಲ್ಲ ಮುಗಿಸುತ್ತಾರೆ. ಅರ್ಧ ಅಳಿಸಿದ, ಸುಳಿಯ ನಡು ಮಾತ್ರ ಕಾಣುವ ಗುರುತು ಸಾಕು.

ಮೊದಲ ಅವಧಿ: ಮುಟ್ಟದೆ ನೋಡುವುದು

ಜಾಗದ ಸುತ್ತ ನಾಲ್ಕು ಕಡ್ಡಿ ನೆಟ್ಟು ದಾರ ಕಟ್ಟಿ. ಐದೈದು ಮಕ್ಕಳ ತಂಡ ಮಾಡಿ. ಪ್ರತಿ ತಂಡದಲ್ಲಿ ಒಬ್ಬರು ಚಿತ್ರ ಬರೆಯುವವರು, ಒಬ್ಬರು ಅಳತೆ ಹಿಡಿಯುವವರು, ಒಬ್ಬರು ಬರೆದುಕೊಳ್ಳುವವರು, ಇಬ್ಬರು ನೋಡಿ ಹೇಳುವವರು. ಮರುದಿನ ಕೆಲಸ ಬದಲಾಗಬೇಕು. ಇಲ್ಲದಿದ್ದರೆ ಅಕ್ಷರ ಚೆನ್ನಾಗಿರುವ ಹುಡುಗಿಯೇ ವಾರಪೂರ್ತಿ ಬರೆಯುತ್ತಾ ಕೂರುತ್ತಾಳೆ, ಪ್ರಯೋಗಕ್ಕೆ ಅವಳ ಕೈ ತಾಗುವುದೇ ಇಲ್ಲ.

ನೋಟ್ ಪುಸ್ತಕದ ಪುಟದ ನಡುವೆ ಗೆರೆ ಎಳೆಸಿ. ಎಡಕ್ಕೆ "ಕಂಡದ್ದು", ಬಲಕ್ಕೆ "ಅಂದುಕೊಂಡದ್ದು". ಮೊದಲ ದಿನ ಎಡ ಭಾಗ ಮಾತ್ರ ತುಂಬಬೇಕು. ಇದು ಕಾಣುವಷ್ಟು ಸುಲಭವಲ್ಲ. "ಕೋಲಿಗೆ ಸೋಡಾ ಅಂಟಿದೆ" ಎಂದು ಬರೆಯುತ್ತಾರೆ. "ಸೋಡಾ ಅಂತ ಹೇಗೆ ಗೊತ್ತಾಯ್ತು?" ಎಂದು ಕೇಳಿ. "ಬಿಳಿ ಪುಡಿ" ಎಂದು ತಿದ್ದುತ್ತಾರೆ. "ಯಾರೋ ಓಡಿಹೋಗಿದ್ದಾರೆ" ಎಂಬುದು "ಮೂರು ಹೆಜ್ಜೆ ಗುರುತು, ನಡುವಿನ ಅಂತರ 70 ಸೆಂಟಿಮೀಟರ್, ಮುಂಭಾಗ ಆಳ" ಎಂದಾಗುತ್ತದೆ. ಈ ತಿದ್ದುವಿಕೆಗೆ ಇಡೀ ಅವಧಿ ಹೋದರೂ ಅವಸರ ಮಾಡಬೇಡಿ. ಉಳಿದ ಪ್ರಯೋಗಗಳಲ್ಲಿ ಒಂದು ಬಿಟ್ಟುಹೋದರೂ ಪರವಾಗಿಲ್ಲ, ಇದು ಬಿಡಬಾರದು.

ಹೆಜ್ಜೆ ಗುರುತು

ಹಿಂದಿನ ಸಂಜೆ ಮಣ್ಣನ್ನು ಜರಡಿ ಹಿಡಿದು, ನೀರು ಚಿಮುಕಿಸಿ ಚಪಾತಿ ಹಿಟ್ಟಿಗಿಂತ ತುಸು ಗಟ್ಟಿಯಾಗಿ ಹದ ಮಾಡಿಟ್ಟರೆ ಗುರುತು ಚೆನ್ನಾಗಿ ಮೂಡುತ್ತದೆ. ಕಪ್ಪು ಮಣ್ಣಿನ ಊರಾದರೆ ಅರ್ಧ ಮರಳು ಬೆರೆಸಿ, ಇಲ್ಲದಿದ್ದರೆ ಚಪ್ಪಲಿಗೇ ಮೆತ್ತಿಕೊಂಡು ಬರುತ್ತದೆ.

ಅಚ್ಚು ತೆಗೆಯಲು ಪ್ಲಾಸ್ಟರ್ ಆಫ್ ಪ್ಯಾರಿಸ್ ಬೇಕು. ಗುರುತಿನ ಸುತ್ತ ರಟ್ಟಿನ ಪಟ್ಟಿಯಿಂದ ಗೋಡೆ ಕಟ್ಟಿ. ಎರಡು ಪಾಲು ಪುಡಿಗೆ ಒಂದು ಪಾಲು ನೀರು. ನೀರಿಗೆ ಪುಡಿ ಹಾಕಿ, ದೋಸೆ ಹಿಟ್ಟಿನ ಹದಕ್ಕೆ ಬರುವವರೆಗೆ ಕೋಲಿನಿಂದ ಕಲಕಿ, ಗುರುತಿನ ಅಂಚಿನಿಂದ ನಿಧಾನವಾಗಿ ಹರಿಯಬಿಡಿ. ನೇರ ಮೇಲಿಂದ ಸುರಿದರೆ ಗುರುತು ಕೊಚ್ಚಿಹೋಗುತ್ತದೆ. ಅರ್ಧ ಗಂಟೆ ಬಿಟ್ಟು ಎತ್ತಿ. ಗಟ್ಟಿಯಾಗುವಾಗ ಮೇಲ್ಮೈ ಬೆಚ್ಚಗಾಗುತ್ತದೆ. ಮಕ್ಕಳು ಒಂದು ಬೆರಳಿನ ತುದಿಯನ್ನು ಮೇಲಿಟ್ಟು ಅದನ್ನು ಗಮನಿಸಲಿ. ನೀರು ಸೇರಿ ಪುಡಿ ಮತ್ತೆ ಜಿಪ್ಸಮ್ ಆಗುವಾಗ ಶಾಖ ಹೊರಬರುತ್ತದೆ, ಇದೊಂದು ರಾಸಾಯನಿಕ ಬದಲಾವಣೆ. ಇದೇ ಕಾರಣಕ್ಕೆ ಯಾವ ಮಗುವೂ ಹಸಿ ಪ್ಲಾಸ್ಟರ್‌ನೊಳಗೆ ಕೈ ಇಟ್ಟು ಅಚ್ಚು ತೆಗೆಯಲು ಹೋಗಬಾರದು. ದಪ್ಪ ಪ್ಲಾಸ್ಟರ್ ಕೈ ಸುಡಬಲ್ಲದು, ಹಿಡಿದ ಕೈ ಬಿಡಿಸಲೂ ಆಗುವುದಿಲ್ಲ. ಪುಡಿ ಕಲಸುವುದು ನಿಮ್ಮ ಕೆಲಸ, ಮೂಗಿಗೆ ಬಟ್ಟೆ ಕಟ್ಟಿಕೊಂಡು. ಉಳಿದದ್ದನ್ನು ಮೋರಿಗೆ ಸುರಿಯಬೇಡಿ, ಅಲ್ಲೇ ಕಲ್ಲಾಗಿ ಕೂರುತ್ತದೆ.

ಅಚ್ಚು ಒಣಗುವ ಹೊತ್ತಿಗೆ ಗಣಿತ ಶುರು ಮಾಡಿ. ಬರಿಗಾಲಿನ ಹಿಮ್ಮಡಿಯನ್ನು ಗೋಡೆಗೆ ತಾಗಿಸಿ ನಿಂತು, ಉದ್ದದ ಬೆರಳಿನ ತುದಿಯವರೆಗೆ ಪಾದ ಅಳೆಯಲಿ. ಎತ್ತರವನ್ನೂ ಅಳೆಯಲಿ. ಎತ್ತರವನ್ನು ಪಾದದ ಉದ್ದದಿಂದ ಭಾಗಿಸಲಿ. 20 ಸೆಂಟಿಮೀಟರ್ ಪಾದ, 131 ಸೆಂಟಿಮೀಟರ್ ಎತ್ತರ ಇದ್ದವರಿಗೆ 6.55 ಬರುತ್ತದೆ. ಇಡೀ ತರಗತಿಯ ಸಂಖ್ಯೆಗಳನ್ನು ಹಲಗೆಗೆ ಬರೆದರೆ ಬಹುಪಾಲು ಆರರಿಂದ ಏಳರ ನಡುವೆ ಬಂದು ನಿಲ್ಲುತ್ತವೆ. ಸರಾಸರಿ ತೆಗೆಸಿ. ಮರುದಿನ ಬೇರೆ ತರಗತಿಯ ಮಗುವಿನ ಪಾದದ ಗುರುತು ಕೊಟ್ಟು, ಅದರ ಎತ್ತರ ಊಹಿಸಲು ಹೇಳಿ, ಆಮೇಲೆ ಆ ಮಗುವನ್ನೇ ಕರೆದು ಅಳೆಯಿರಿ. ಐದಾರು ಸೆಂಟಿಮೀಟರ್ ತಪ್ಪಬಹುದು. ಆ ತಪ್ಪನ್ನು ಮುಚ್ಚಿಡಬೇಡಿ. "ಹಾಗಾದರೆ ಪಾದ ನೋಡಿ ಇವರೇ ಅಂತ ಹೇಳಬಹುದಾ?" ಎಂದು ಕೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗದು.

ಕಾಡಂಚಿನ ಶಾಲೆಯಾದರೆ ಇನ್ನೊಂದು ಮಾತು ಸೇರಿಸಿ. ಹಿಂದೆ ಹುಲಿಗಳನ್ನು ಎಣಿಸಲು ಹೆಜ್ಜೆ ಗುರುತುಗಳನ್ನೇ ನಂಬುತ್ತಿದ್ದರು. ಒಂದೇ ಹುಲಿಯ ಹೆಜ್ಜೆ ಮರಳಿನಲ್ಲಿ ಒಂದು ಥರ, ಕೆಸರಿನಲ್ಲಿ ಇನ್ನೊಂದು ಥರ ಕಾಣುತ್ತಿತ್ತು. ಈಗ ಬಂಡೀಪುರ, ನಾಗರಹೊಳೆಗಳಲ್ಲಿ ಮರಕ್ಕೆ ಕಟ್ಟಿದ ಕ್ಯಾಮೆರಾಗಳಲ್ಲಿ ಸಿಗುವ ಮೈಮೇಲಿನ ಪಟ್ಟೆಗಳಿಂದ ಗುರುತಿಸುತ್ತಾರೆ. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ.

ಬಿಳಿ ಪುಡಿ

ಉಪ್ಪು, ಸಕ್ಕರೆ, ಅಡುಗೆ ಸೋಡಾ, ಅಕ್ಕಿ ಹಿಟ್ಟು, ರಂಗೋಲಿ ಪುಡಿ. ಐದೂ ಬಿಳಿ, ಐದೂ ಮನೆಯಲ್ಲಿರುವಂಥವು. ಮೊದಲ ಮತ್ತು ಕೊನೆಯ ನಿಯಮ ಒಂದೇ: ಯಾವುದನ್ನೂ ನಾಲಿಗೆಗೆ ತಾಗಿಸುವಂತಿಲ್ಲ. "ಉಪ್ಪೇ ಅಲ್ವಾ ಟೀಚರ್" ಎನ್ನುತ್ತಾರೆ. "ಉಪ್ಪು ಅಂತ ಇನ್ನೂ ಗೊತ್ತಾಗಿಲ್ಲವಲ್ಲ" ಎಂಬುದೇ ಉತ್ತರ.

ಪರೀಕ್ಷೆಗೆ ನೀರಿನ ಬಾಟಲಿಯ ಮುಚ್ಚಳಗಳು ಸಾಕು. ಒಂದೊಂದು ಪುಡಿಗೆ ನಾಲ್ಕು ಮುಚ್ಚಳ, ತಲಾ ಒಂದು ಚಿಟಿಕೆ. ಮೊದಲು ಭೂತಗನ್ನಡಿಯಲ್ಲಿ ನೋಡಲಿ. ಉಪ್ಪಿನ ಹರಳು ಪುಟ್ಟ ಪೆಟ್ಟಿಗೆಯಂತೆ, ಸಕ್ಕರೆಯದು ಬೇರೆ ಆಕಾರ. ಇದು ಕಾಣಬೇಕಾದರೆ ಸಕ್ಕರೆಯನ್ನು ಪುಡಿ ಮಾಡಿರಬಾರದು. ಆಮೇಲೆ ಮೊದಲ ಮುಚ್ಚಳಕ್ಕೆ ನೀರು, ಎರಡನೆಯದಕ್ಕೆ ನಿಂಬೆರಸ, ಮೂರನೆಯದಕ್ಕೆ ಅಯೋಡಿನ್. ನಾಲ್ಕನೆಯದರಲ್ಲಿ ನೀರು ಬೆರೆಸಿ ಅರಿಶಿನದ ಕಾಗದ ಅದ್ದುವುದು.

ಅರಿಶಿನದ ಕಾಗದವನ್ನು ಮಕ್ಕಳೇ ಮಾಡಬಹುದು. ಅರಿಶಿನ ಪುಡಿಯನ್ನು ನೀರಿನಲ್ಲಿ ಕದಡಿ, ಬಿಳಿ ಕಾಗದಕ್ಕೆ ಬಳಿದು, ನೆರಳಲ್ಲಿ ಒಣಗಿಸಿ ಪಟ್ಟಿ ಕತ್ತರಿಸಿದರಾಯಿತು. ಸೋಪಿನ ನೀರು ತಾಗಿದರೆ ಕೆಂಪಗಾಗುತ್ತದೆ, ನಿಂಬೆರಸ ಬಿದ್ದರೆ ಹಳದಿಗೆ ಮರಳುತ್ತದೆ. ಅರಿಶಿನಕ್ಕೆ ಸುಣ್ಣ ಸೇರಿಸಿ ಓಕುಳಿ ಕಲಸುವುದು, ಸಾಂಪ್ರದಾಯಿಕವಾಗಿ ಕುಂಕುಮ ಮಾಡುವುದು ಇದೇ ಗುಣದಿಂದ. ಆದರೆ ಸುಣ್ಣವನ್ನು ಮಕ್ಕಳ ಕೈಗೆ ಕೊಡಬೇಡಿ, ಕಣ್ಣಿಗೆ ಬಿದ್ದರೆ ಅಪಾಯ. ಏಳನೇ ತರಗತಿಯ ಆಮ್ಲ–ಪ್ರತ್ಯಾಮ್ಲ ಪಾಠಕ್ಕೆ ಇಲ್ಲಿಂದ ನೇರ ದಾರಿಯಿದೆ.

ಅಯೋಡಿನ್‌ಗೆ ಔಷಧಿ ಅಂಗಡಿಯ ಪೊವಿಡೋನ್ ಅಯೋಡಿನ್ ದ್ರಾವಣ ಸಾಕು. ಒಂದು ಹನಿಗೆ ಹತ್ತು ಹನಿ ನೀರು ಬೆರೆಸಿ ಕರಿಚಹಾದ ಬಣ್ಣಕ್ಕೆ ತನ್ನಿ. ಹನಿ ಹಾಕುವುದು ನೀವೇ. ಅಕ್ಕಿ ಹಿಟ್ಟು ಕಡುನೀಲಿಯಾಗುತ್ತದೆ, ಪಿಷ್ಟವಿಲ್ಲದ ಉಳಿದವು ಅಯೋಡಿನ್‌ನ ಬಣ್ಣದಲ್ಲೇ ಉಳಿಯುತ್ತವೆ. ಮುಚ್ಚಳಗಳನ್ನು ಬೇರೆ ಬೇರೆ ಇಡಿ ಎಂದು ನಾನು ಒತ್ತಿ ಹೇಳಲು ಕಾರಣವಿದೆ. ನಿಂಬೆರಸದ ವಿಟಮಿನ್ ಸಿ ಅಯೋಡಿನ್‌ನ ಬಣ್ಣವನ್ನೇ ಕಳೆಯುತ್ತದೆ. ಎರಡೂ ಒಂದೇ ಮುಚ್ಚಳಕ್ಕೆ ಬಿದ್ದರೆ ಹಿಟ್ಟಿದ್ದರೂ ನೀಲಿ ಕಾಣದೆ ಮಕ್ಕಳು ತಪ್ಪು ತೀರ್ಮಾನಕ್ಕೆ ಬರುತ್ತಾರೆ.

ಸೋಡಾಕ್ಕೆ ನಿಂಬೆರಸ ಬಿದ್ದೊಡನೆ ನೊರೆ ಉಕ್ಕುತ್ತದೆ, ಅರಿಶಿನದ ಕಾಗದ ತುಸುವೇ ಕೆಂಪಾಗುತ್ತದೆ. ರಂಗೋಲಿ ಪುಡಿಯ ವಿಷಯದಲ್ಲಿ ಎಚ್ಚರ. ಅದನ್ನು ಯಾವ ಕಲ್ಲಿನಿಂದ ಮಾಡಿದ್ದಾರೆ ಎಂಬುದರ ಮೇಲೆ ಅದೂ ಸ್ವಲ್ಪ ನೊರೆ ಬರಿಸಬಹುದು. ಬಳಪದ ಕತೆಯೂ ಹೀಗೆಯೇ, ಜಿಪ್ಸಮ್‌ದಾದರೆ ಸುಮ್ಮನಿರುತ್ತದೆ, ಕ್ಯಾಲ್ಸಿಯಂ ಕಾರ್ಬೋನೇಟ್‌ದಾದರೆ ನೊರೆ ಬರುತ್ತದೆ. ನಿಮ್ಮ ಊರಿನ ಪುಡಿಯನ್ನು ಹಿಂದಿನ ದಿನವೇ ಪರೀಕ್ಷಿಸಿಕೊಳ್ಳಿ. ನೊರೆ ಬಂದರೆ ಅದನ್ನು ತೆಗೆದುಹಾಕಬೇಡಿ, ಉಳಿಸಿಕೊಳ್ಳಿ: ಒಂದೇ ಪರೀಕ್ಷೆಯನ್ನು ನಂಬಿದವರು ಎಡವುತ್ತಾರೆ, ನೀರಿನಲ್ಲಿ ಕರಗುತ್ತದೆಯೇ ಎಂದೂ ನೋಡಿದವರು ಗೆಲ್ಲುತ್ತಾರೆ. ಸೋಡಾ ಕರಗುತ್ತದೆ, ರಂಗೋಲಿ ತಳದಲ್ಲೇ ಕೂರುತ್ತದೆ.

ಐದು ಪುಡಿಗಳ ಫಲಿತಾಂಶವನ್ನು ಕೋಷ್ಟಕ ಮಾಡಿದ ಮೇಲಷ್ಟೇ ಕೋಲಿನ ಪುಡಿಯನ್ನೂ ನಾಲ್ಕು ಲಕೋಟೆಗಳನ್ನೂ ಕೈಗೆ ಕೊಡಿ. ಗೊತ್ತಿರುವುದನ್ನು ಮೊದಲು ಪರೀಕ್ಷಿಸಿ, ಆಮೇಲೆ ಗೊತ್ತಿಲ್ಲದ್ದಕ್ಕೆ ಹೋಲಿಸುವುದು ಪ್ರಯೋಗಾಲಯದ ಕ್ರಮ.

ಚೀಟಿಯ ಶಾಯಿ

ಇದಕ್ಕೆ ಬೇಕಾದ ಉಪಕರಣ ನಿಮ್ಮ ಕೈಯಲ್ಲೇ ಇದೆ. ಬಿಳಿ ಬಳಪದ ಕಡ್ಡಿಯ ಬುಡದಿಂದ ಒಂದೂವರೆ ಸೆಂಟಿಮೀಟರ್ ಮೇಲೆ, ಸುತ್ತಲೂ ಕಪ್ಪು ಸ್ಕೆಚ್ ಪೆನ್ನಿನಿಂದ ಉಂಗುರ ಬರೆಯಿರಿ. ತಟ್ಟೆಯಲ್ಲಿ ಅರ್ಧ ಸೆಂಟಿಮೀಟರ್ ನೀರು ಹಾಕಿ ಬಳಪ ನಿಲ್ಲಿಸಿ. ಉಂಗುರ ನೀರಿನಲ್ಲಿ ಮುಳುಗಬಾರದು, ಮುಳುಗಿದರೆ ಬಣ್ಣ ತಟ್ಟೆಗೆ ಇಳಿದುಹೋಗುತ್ತದೆ. ಹತ್ತು ಹದಿನೈದು ನಿಮಿಷದಲ್ಲಿ ನೀರು ಬಳಪವನ್ನೇರುತ್ತಾ ಕಪ್ಪನ್ನು ಬಿಡಿಸುತ್ತದೆ. ಒಂದು ಕಂಪನಿಯ ಕಪ್ಪಿನಲ್ಲಿ ನೀಲಿ, ನೇರಳೆ, ಹಳದಿ ಕಂಡರೆ ಇನ್ನೊಂದರಲ್ಲಿ ಬೇರೆಯೇ ಸಾಲು. ಕಪ್ಪಿನೊಳಗಿಂದ ಬಣ್ಣ ಹೊರಬಂದಾಗ ತರಗತಿಯಲ್ಲಿ ಏಳುವ ಸದ್ದನ್ನು ಕೇಳಬೇಕು, ಪಕ್ಕದ ತರಗತಿಯವರಿಗೆ ಮೊದಲೇ ಹೇಳಿಟ್ಟಿರಿ.

ಬಳಪ ಇಲ್ಲಿ ಸುಮ್ಮನೆ ಸಿಕ್ಕ ಬದಲಿ ವಸ್ತುವಲ್ಲ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ಸ್ವೆಟ್ ಎಲೆಯ ಬಣ್ಣಗಳನ್ನು ಬೇರ್ಪಡಿಸಿದ್ದು ಕ್ಯಾಲ್ಸಿಯಂ ಕಾರ್ಬೋನೇಟ್ ಪುಡಿ ತುಂಬಿದ ಗಾಜಿನ ಕೊಳವೆಯಲ್ಲಿ. ಹೀಗೆ ಬಣ್ಣಗಳನ್ನು ಬೇರ್ಪಡಿಸುವುದಕ್ಕೆ ಕ್ರೊಮ್ಯಾಟೋಗ್ರಫಿ ಎಂಬ ಹೆಸರಿಟ್ಟವನೂ ಅವನೇ. ಅವನ ಮನೆತನದ ಹೆಸರಿಗೆ ರಷ್ಯನ್ ಭಾಷೆಯಲ್ಲಿ ಬಣ್ಣ ಎಂಬ ಅರ್ಥವಿರುವುದನ್ನು ಹೇಳಿದರೆ ಮಕ್ಕಳು ಮರೆಯುವುದಿಲ್ಲ.

ಚೀಟಿಯ ಅಕ್ಷರಗಳ ಒಂದು ತುಂಡನ್ನು ಕತ್ತರಿಸಿ ಒಂದೆರಡು ಹನಿ ನೀರಿನಲ್ಲಿ ನೆನೆಸಿ, ಆ ಶಾಯಿಯನ್ನು ಕಡ್ಡಿಯಿಂದ ಬಳಪಕ್ಕೆ ಹಚ್ಚಬೇಕು. ಚೀಟಿಯಲ್ಲಿ ದಪ್ಪ ಅಕ್ಷರ ಬರೆದಿಟ್ಟಿರಿ, ಇಲ್ಲದಿದ್ದರೆ ಶಾಯಿ ಸಾಲುವುದಿಲ್ಲ. ಬಾಲ್ ಪೆನ್ ಬಳಸಬೇಡಿ. ಅದರ ಶಾಯಿ ಎಣ್ಣೆಯಂಥದ್ದು, ನೀರಿಗೆ ಜಗ್ಗುವುದಿಲ್ಲ. ಜೆಲ್ ಪೆನ್ನುಗಳೂ ಬಹುಮಟ್ಟಿಗೆ ಹಾಗೆಯೇ.

ಫಲಿತಾಂಶ ಬಂದಾಗ ಒಂದು ಪ್ರಶ್ನೆ ಕೇಳಲು ಮರೆಯಬೇಡಿ. ಶಾಯಿ ಹೊಂದಿತು, ಅಂದರೆ ಇದೇ ಪೆನ್ನಿನಿಂದ ಬರೆದದ್ದೇ? ಅದೇ ಕಂಪನಿಯ ಪೆನ್ನು ಅಂಗಡಿಯಲ್ಲಿ ಇನ್ನೆಷ್ಟಿವೆ? ಚಪ್ಪಲಿಯ ಅಳತೆ, ಪುಡಿ, ಶಾಯಿ ಎಲ್ಲ ಗುಂಪಿನ ಗುರುತುಗಳು. ಅವು ಒಬ್ಬರನ್ನು ಬಿಡಿಸಬಲ್ಲವು, ಒಬ್ಬರನ್ನೇ ಹಿಡಿದುಕೊಡಲಾರವು. ಒಬ್ಬರ ಗುರುತು ಬೇಕಾದರೆ ಬೆರಳಿಗೆ ಬರಬೇಕು.

ಬೆರಳಚ್ಚು

ಮಕ್ಕಳಿಗೆ ಇದರ ಬಗ್ಗೆ ಆಗಲೇ ಬಹಳ ಗೊತ್ತಿರುತ್ತದೆ. ಆಧಾರ್‌ಗೆ ಬೆರಳು ಕೊಟ್ಟಿರುತ್ತಾರೆ, ನ್ಯಾಯಬೆಲೆ ಅಂಗಡಿಯಲ್ಲಿ ಅಜ್ಜಿಯ ಹೆಬ್ಬೆಟ್ಟನ್ನು ಯಂತ್ರ ತೆಗೆದುಕೊಳ್ಳದೆ ನಾಲ್ಕು ಸಲ ಒರೆಸಿ ಒತ್ತಿಸಿದ್ದನ್ನು ನೋಡಿರುತ್ತಾರೆ. ಅಲ್ಲಿಂದಲೇ ಶುರು ಮಾಡಿ. ಅಜ್ಜಿಯ ಬೆರಳು ಯಾಕೆ ಓದಲಿಲ್ಲ? ಕಳೆ ಕಿತ್ತು, ಪಾತ್ರೆ ತಿಕ್ಕಿ, ಸಿಮೆಂಟು ಕಲ್ಲು ಹಿಡಿದು ಮೇಲಿನ ಏಣುಗಳು ಸವೆದಿರುತ್ತವೆ. ವಯಸ್ಸಾದಂತೆ ಚರ್ಮವೂ ಒಣಗುತ್ತದೆ. ಆದರೆ ವಿನ್ಯಾಸದ ಬೇರು ಒಳಚರ್ಮದಲ್ಲಿದೆ. ಮೇಲ್ಪದರ ಸವೆದರೂ, ಕೆಲಸಕ್ಕೆ ಬಿಡುವು ಸಿಕ್ಕರೆ ಅದೇ ವಿನ್ಯಾಸ ಮತ್ತೆ ಮೂಡುತ್ತದೆ. ತಾಯಿಯ ಹೊಟ್ಟೆಯಲ್ಲಿರುವಾಗಲೇ ಅದು ರೂಪುಗೊಂಡಿರುತ್ತದೆ, ಅವಳಿ ಮಕ್ಕಳದೂ ಒಂದೇ ಆಗಿರುವುದಿಲ್ಲ. ಶಾಲೆಯಲ್ಲಿ ಅವಳಿಗಳಿದ್ದರೆ ಅವರನ್ನೇ ಕರೆಸಿ ನೋಡಿ.

ಈ ವಿದ್ಯೆಯ ಇತಿಹಾಸದಲ್ಲಿ ನಮ್ಮ ದೇಶದ್ದು ದೊಡ್ಡ ಪಾಲು. 1858ರಲ್ಲಿ ಬಂಗಾಳದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ರಾಜ್ಯಧರ ಕೊನಾಯಿ ಎಂಬ ಗುತ್ತಿಗೆದಾರನಿಂದ ಕರಾರುಪತ್ರದ ಮೇಲೆ ಇಡೀ ಅಂಗೈಯ ಅಚ್ಚು ಒತ್ತಿಸಿಕೊಂಡ. 1897ರಲ್ಲಿ ಕಲ್ಕತ್ತಾದಲ್ಲಿ ಜಗತ್ತಿನ ಮೊದಲ ಬೆರಳಚ್ಚು ಕಚೇರಿ ತೆರೆಯಿತು. ಸಾವಿರಾರು ಅಚ್ಚುಗಳಲ್ಲಿ ಬೇಕಾದ್ದನ್ನು ಹುಡುಕಿ ತೆಗೆಯುವ ವರ್ಗೀಕರಣದ ಲೆಕ್ಕಾಚಾರ ಕಟ್ಟಿದ್ದರಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯ ಪೊಲೀಸರ ಶ್ರಮವಿತ್ತು. ಪದ್ಧತಿಗೆ ಅಂಟಿಕೊಂಡದ್ದು ಮಾತ್ರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯ ಹೆಸರು. ಆ ಇಬ್ಬರ ಹೆಸರನ್ನು ನಮ್ಮ ಮಕ್ಕಳಾದರೂ ತಿಳಿದಿರಲಿ.

ಮೊದಲ ದಿನ ಎಲ್ಲರೂ ತಮ್ಮ ಹತ್ತು ಬೆರಳ ಅಚ್ಚು ತೆಗೆಯಲಿ. ಕಾಗದದ ಮೇಲೆ ಪೆನ್ಸಿಲ್ಲನ್ನು ದಟ್ಟವಾಗಿ ಉಜ್ಜಿ ಕಪ್ಪು ಚೌಕ ಮಾಡಿ, ಬೆರಳನ್ನು ಅದರ ಮೇಲೆ ಹೊರಳಿಸಿ, ಪಾರದರ್ಶಕ ಟೇಪನ್ನು ಬೆರಳಿಗೆ ಅಂಟಿಸಿ ಬಿಡಿಸಿ, ಬಿಳಿ ಹಾಳೆಗೆ ಅಂಟಿಸುವುದು. ಗೆರೆಗಳು ಬಹಳ ಸ್ಪಷ್ಟವಾಗಿ ಬರುತ್ತವೆ. ಒಂದು ಕಡೆಯಿಂದ ಬಂದು ಬಾಗಿ ಅದೇ ಕಡೆಗೆ ಮರಳಿದರೆ ಕುಣಿಕೆ, ಸುತ್ತು ಸುತ್ತಾಗಿದ್ದರೆ ಸುಳಿ, ಒಂದು ಕಡೆಯಿಂದ ಏರಿ ಇನ್ನೊಂದು ಕಡೆಗೆ ಇಳಿದರೆ ಕಮಾನು. ಮನೆಯ ಹಿರಿಯರು ಬೆರಳಲ್ಲಿ ಶಂಖವಿದೆ, ಚಕ್ರವಿದೆ ಎಂದು ಭವಿಷ್ಯ ಹೇಳುವುದನ್ನು ಕೆಲವರು ಕೇಳಿರುತ್ತಾರೆ. ಅವರ ಚಕ್ರವೇ ನಮ್ಮ ಸುಳಿ. ಹಿರಿಯರ ಕಣ್ಣು ಸೂಕ್ಷ್ಮವಾಗಿ ಗಮನಿಸಿತ್ತು ಎಂದು ಹೇಳಿ, ಅದೃಷ್ಟದ ಮಾತನ್ನು ಬಲಬದಿಯ "ಅಂದುಕೊಂಡದ್ದು" ಭಾಗಕ್ಕೆ ಬರೆಸಿ. 30 ಮಕ್ಕಳಿದ್ದರೆ 300 ಅಚ್ಚು. ಎಣಿಸಿ ಸ್ತಂಭಾಲೇಖ ಬರೆಸಿ. ಕಮಾನು ಎಲ್ಲಕ್ಕಿಂತ ಅಪರೂಪ ಎಂಬುದನ್ನು ಅವರೇ ಕಂಡುಕೊಳ್ಳಲಿ.

ಎರಡನೇ ದಿನ ಲೋಟ. ಬೆರಳನ್ನು ಒಮ್ಮೆ ಹಣೆಗೋ ಎಣ್ಣೆ ಹಚ್ಚಿದ ತಲೆಗೋ ತಾಗಿಸಿ ಒತ್ತಿದರೆ ಸ್ಟೀಲಿನ ಮೇಲೆ ಗುರುತು ಚೆನ್ನಾಗಿ ಉಳಿಯುತ್ತದೆ. ಮೆತ್ತನೆಯ ಮೇಕಪ್ ಬ್ರಷ್‌ನಿಂದ ಟಾಲ್ಕಂ ಪೌಡರನ್ನು ಸವರಿ. ಒತ್ತಬಾರದು, ಗಾಳಿ ಬೀಸಿದಂತೆ ತಾಗಿಸಬೇಕು. ಒಂದು ಚಿಟಿಕೆಗಿಂತ ಹೆಚ್ಚು ಬೇಡ, ಪುಡಿ ಮೂಗಿಗೆ ಹೋಗಬಾರದು. ಟೇಪಿನಿಂದ ಎತ್ತಿ ಕಪ್ಪು ಕಾಗದಕ್ಕೆ ಅಂಟಿಸಿ. ಗಾಜಾದರೆ ಬಟ್ಟೆಯಲ್ಲಿ ಸೋಸಿದ ನುಣುಪಾದ ಇದ್ದಿಲ ಪುಡಿ, ಬಿಳಿ ಕಾಗದ.

ಇಲ್ಲಿ ಬಹಳ ಮಂದಿ ಎಡವುವ ಒಂದು ಜಾಗವಿದೆ. ಲೋಟದ ಮೇಲಿನ ಅಚ್ಚು ಬೆರಳಿನ ಕನ್ನಡಿ ಬಿಂಬ. ಪೆನ್ಸಿಲ್, ಟೇಪು ಬಳಸಿ ತೆಗೆದದ್ದು ಕನ್ನಡಿ ಬಿಂಬವಲ್ಲ, ಬೆರಳನ್ನು ನೇರ ನೋಡಿದಂತೆಯೇ ಇರುತ್ತದೆ. ಎರಡನ್ನೂ ಹೋಲಿಸಿದರೆ ಒಂದರಲ್ಲಿ ಎಡಕ್ಕೆ ತೆರೆದ ಕುಣಿಕೆ ಇನ್ನೊಂದರಲ್ಲಿ ಬಲಕ್ಕೆ ತೆರೆದಿರುತ್ತದೆ, ಸರಿಯಾದ ವ್ಯಕ್ತಿಯೇ ತಪ್ಪಿಸಿಕೊಳ್ಳುತ್ತಾರೆ. ಹಾಗಾಗಿ ಶಂಕಿತರ ಅಚ್ಚುಗಳನ್ನು ಮಾತ್ರ ಕಚೇರಿಯ ಸ್ಟಾಂಪ್ ಪ್ಯಾಡ್‌ನಿಂದ ಕಾಗದಕ್ಕೆ ನೇರ ಒತ್ತಿಸಿ. ಆಗ ಎರಡೂ ಕನ್ನಡಿ ಬಿಂಬಗಳೇ ಆಗುತ್ತವೆ. ದೊಡ್ಡ ಮಕ್ಕಳಿಗೆ ಇದನ್ನು ಮೊದಲೇ ಹೇಳದೆ, ಅವರೇ ಮುಗ್ಗರಿಸಿ ಕಂಡುಕೊಳ್ಳಲು ಬಿಡಬಹುದು. ಕನ್ನಡಿ ಪ್ರತಿಬಿಂಬದ ಪಾಠ ತಾನಾಗಿಯೇ ಆಗುತ್ತದೆ.

ಅಚ್ಚುಗಳ ಹಾಳೆಗೆ ಹೆಸರು ಬರೆಸಬೇಡಿ, ಗೋಡೆಗೆ ಅಂಟಿಸಬೇಡಿ, ಫೋಟೋ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಬೆರಳಚ್ಚು ಇಂದು ಬ್ಯಾಂಕು, ರೇಷನ್ನು, ಗುರುತಿನ ಚೀಟಿಗಳ ಬೀಗದ ಕೈ. ಪಾಠ ಮುಗಿದೊಡನೆ ಹಾಳೆ ಅವರವರ ಕೈ ಸೇರಲಿ.

ಸಮಯವಿದ್ದರೆ

ಊರಿನ ಎರಡು ಕಡೆಯ ಮಣ್ಣನ್ನು ಬಾಟಲಿಗೆ ಹಾಕಿ ನೀರಿನೊಡನೆ ಕುಲುಕಿ ಒಂದು ದಿನ ಇಡಿ, ಮರಳು ಕೆಳಗೆ, ಜೇಡಿ ಮೇಲೆ ಪದರಗಟ್ಟಿ ಕೆರೆಯ ಮಣ್ಣಿಗೂ ಹೊಲದ ಮಣ್ಣಿಗೂ ವ್ಯತ್ಯಾಸ ಕಾಣುತ್ತದೆ. ನೂಲಿನ ಪರೀಕ್ಷೆಯೂ ಚಂದ. ಹತ್ತಿ ಸುಟ್ಟರೆ ಕಾಗದದ ವಾಸನೆ, ರೇಷ್ಮೆ ಉಣ್ಣೆಗಳದು ಕೂದಲು ಸುಟ್ಟ ವಾಸನೆ, ಪಾಲಿಯೆಸ್ಟರ್ ಕರಗಿ ಮಣಿಯಾಗುತ್ತದೆ. ಆದರೆ ಬೆಂಕಿ ನಿಮ್ಮ ಕೈಯಲ್ಲೇ ಇರಲಿ, ಇಕ್ಕಳ ಹಿಡಿದು, ಪಕ್ಕದಲ್ಲಿ ನೀರಿಟ್ಟುಕೊಂಡು.

ಕೊನೆಯ ಅವಧಿ: ವಿಚಾರಣೆ

ಪ್ರತಿ ತಂಡವೂ ನಾಲ್ವರು ಶಂಕಿತರ ಹೆಸರನ್ನು ಅಡ್ಡಕ್ಕೆ, ನಾಲ್ಕು ಕುರುಹುಗಳನ್ನು ಉದ್ದಕ್ಕೆ ಬರೆದು, ಹೊಂದಿದ ಕಡೆ ಸರಿ, ಹೊಂದದ ಕಡೆ ಅಡ್ಡಗೆರೆ ಹಾಕಲಿ. ಆಮೇಲೆ ಒಂದು ತಂಡ ಎದ್ದು ತನ್ನ ತೀರ್ಮಾನ ಹೇಳಬೇಕು, ಉಳಿದ ತಂಡಗಳು ಒಂದೇ ಪ್ರಶ್ನೆ ಕೇಳಬಹುದು: "ಅದು ನಿಮಗೆ ಹೇಗೆ ಗೊತ್ತು?" ಉತ್ತರ ನೋಟ್ ಪುಸ್ತಕದ ಎಡಭಾಗದಲ್ಲಿ ಇರಬೇಕು.

ಕೆಲವೊಮ್ಮೆ ಒಂದು ತಂಡದ ಬಳಪ ಮುಳುಗಿ ಬಣ್ಣ ಹೋಗಿರುತ್ತದೆ. ಅವರು "ಮುಖ್ಯ ಶಿಕ್ಷಕರೋ ಅಧ್ಯಕ್ಷರೋ ಹೇಳಲು ಸಾಕ್ಷಿ ಸಾಲದು" ಎಂದರೆ ಅವರಿಗೂ ಪೂರ್ತಿ ಅಂಕ ಕೊಡಿ. ಸಿಸಿಇ (ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ) ದಾಖಲೆಗೆ ಅಂಕ ಬೇಕೇ ಬೇಕಲ್ಲ. ನಾನು ಅದನ್ನು ಮೂರು ಕಡೆ ಹಂಚುತ್ತೇನೆ: ಕಂಡದ್ದನ್ನು ಕಂಡಂತೆ ಬರೆದದ್ದಕ್ಕೆ ಅರ್ಧ, ಅಳತೆ ಮತ್ತು ಕೋಷ್ಟಕಕ್ಕೆ ಕಾಲು, ತೀರ್ಮಾನಕ್ಕೆ ಕೊಟ್ಟ ಕಾರಣಕ್ಕೆ ಕಾಲು. ಅಪರಾಧಿಯ ಹೆಸರು ಸರಿಯಾಗಿ ಹೇಳಿದ್ದಕ್ಕೆ ಅಂಕವಿಲ್ಲ, ಇದನ್ನು ಮೊದಲ ದಿನವೇ ತಿಳಿಸಿರಬೇಕು. ಬಳಪ, ಕೋಷ್ಟಕ, ಹೆಜ್ಜೆಯ ಅಚ್ಚಿನ ಚಿತ್ರ ಎಲ್ಲ ಕೃತಿಸಂಪುಟಕ್ಕೆ, ಅಂದರೆ ಮಗುವಿನ ಕೆಲಸಗಳನ್ನು ಕೂಡಿಡುವ ಕಡತಕ್ಕೆ, ಹೋಗಲಿ.

ಎಲ್ಲ ತಂಡಗಳೂ ಹೇಳಿ ಮುಗಿಸಿದ ಮೇಲಷ್ಟೇ ಮುಖ್ಯ ಶಿಕ್ಷಕರನ್ನು ಒಳಗೆ ಕರೆಯಿರಿ. ಅವರು ಒಪ್ಪಿಕೊಂಡ ಮೇಲೆ, ಬೇಗ ಬಾರಿಸಿದ್ದು ಯಾಕೆ ಎಂದು ಮಕ್ಕಳೇ ಕೇಳಲಿ. ಕಾರಣವೊಂದನ್ನು ಅವರು ಮೊದಲೇ ಯೋಚಿಸಿಟ್ಟಿರಬೇಕು, ಮಕ್ಕಳು ಅದನ್ನೂ "ಅಂದುಕೊಂಡದ್ದು" ಭಾಗದಲ್ಲಿ ತಾವು ಬರೆದಿದ್ದರ ಜೊತೆ ಹೋಲಿಸಿ ನೋಡುತ್ತಾರೆ.